ಹೆಸರು ಕೊರೆದ ಗೋಡೆ, ಹೆಸರಿಲ್ಲದ ಕಲ್ಲು: ನಿಮ್ಮನ್ನು ಅಲ್ಲಾಡಿಸಿದ್ದು ಯಾವುದು?

ಅರ್ಧದಾರಿ:
ಬರ್ಲಿನ್‌ನಿಂದ ಬಂದು ಮೂರು ವಾರ ಆಯಿತು. ಫೋಟೊಗಳು ಇನ್ನೂ ಫೋನಿನಲ್ಲೇ ಇವೆ, ಯಾರಿಗೂ ತೋರಿಸಿಲ್ಲ. ತೋರಿಸಿದರೆ "ಚೆನ್ನಾಗಿತ್ತಾ?" ಅಂತಲೇ ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೋ ತೋಚದೆ ಇಲ್ಲಿ ಬರೆಯುತ್ತಿದ್ದೇನೆ.

ಬ್ರಾಂಡೆನ್‌ಬುರ್ಗ್ ಗೇಟಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಯುರೋಪಿನಲ್ಲಿ ಕೊಲೆಯಾದ ಯಹೂದಿಗಳ ಸ್ಮಾರಕ ಸಿಗುತ್ತದೆ. ಪೀಟರ್ ಐಸೆನ್‌ಮನ್ ವಿನ್ಯಾಸ ಮಾಡಿದ್ದು, 2005ರಲ್ಲಿ ತೆರೆದದ್ದು. 2,711 ಕಾಂಕ್ರೀಟ್ ದಿಮ್ಮಿಗಳು ಸಾಲುಸಾಲಾಗಿ ನಿಂತಿವೆ. ಅಂಚಿನಲ್ಲಿರುವವು ಮೊಣಕಾಲೆತ್ತರ, ಕೂತುಕೊಳ್ಳಬಹುದು. ಒಳಗೆ ಹೋಗ್ತಾ ಹೋಗ್ತಾ ನೆಲ ಇಳಿಯುತ್ತದೆ, ದಿಮ್ಮಿಗಳು ತಲೆಯ ಮೇಲೆ ಏಳುತ್ತವೆ. ಒಂದರ ಮೇಲೂ ಹೆಸರಿಲ್ಲ, ಅಕ್ಷರವಿಲ್ಲ. ಅಳು ಬಂದೇ ಬರುತ್ತದೆ ಅಂತ ಎಲ್ಲ ಕಡೆ ಓದಿಕೊಂಡು ಹೋಗಿದ್ದೆ, ಕರವಸ್ತ್ರ ಕೂಡ ಕೈಯಲ್ಲೇ ಇತ್ತು. ಬರಲಿಲ್ಲ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು, ಒಬ್ಬ ಹುಡುಗ ದಿಮ್ಮಿಯಿಂದ ದಿಮ್ಮಿಗೆ ಹಾರುತ್ತಿದ್ದ. ನಮ್ಮ ಪ್ರವಾಸದ ತಂಡದವರು ಕೊಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ "ನನಗೆ ಯಾಕೆ ಏನೂ ಅನ್ನಿಸುತ್ತಿಲ್ಲ" ಅಂತ ನನ್ನನ್ನೇ ಬೈದುಕೊಳ್ಳುವುದರಲ್ಲಿ ಕಳೆಯಿತು.

ಮರುದಿನ ತಂಡವನ್ನು ಬಿಟ್ಟು ಒಬ್ಬಳೇ ಮತ್ತೆ ಹೋದೆ. ಆ ದಿಮ್ಮಿಗಳ ಕೆಳಗೆ ನೆಲಮಾಳಿಗೆಯಲ್ಲಿ ಒಂದು ಮಾಹಿತಿ ಕೇಂದ್ರ ಇದೆ, ಟಿಕೆಟ್ ಇಲ್ಲ. ಒಂದು ಕೋಣೆಯ ನೆಲದಲ್ಲಿ ಪತ್ರಗಳು, ದಿನಚರಿಯ ತುಣುಕುಗಳು ಬೆಳಕಿನಲ್ಲಿ ಮೂಡಿಕೊಂಡಿವೆ. ಓದಬೇಕಾದರೆ ತಲೆ ತಗ್ಗಿಸಲೇಬೇಕು. ಹನ್ನೆರಡು ವರ್ಷದ ಹುಡುಗಿ ಸಾಯುವ ಮುಂಚೆ ಅಪ್ಪನಿಗೆ ಬರೆದ ವಿದಾಯದ ನಾಲ್ಕು ಸಾಲು ಅಲ್ಲಿದೆ. ಅಲ್ಲಿಂದ ಮುಂದೆ ಹೆಸರುಗಳ ಕೋಣೆ. ಕತ್ತಲೆ. ನಾಲ್ಕೂ ಗೋಡೆಗಳ ಮೇಲೆ ಒಂದು ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಆ ವ್ಯಕ್ತಿಯ ಬಗ್ಗೆ ಮೂರು ನಾಲ್ಕು ವಾಕ್ಯ ಓದುತ್ತಾರೆ. ಆಮೇಲೆ ಹೆಸರು ಅಳಿಸಿಹೋಗಿ ಮುಂದಿನದು ಬರುತ್ತದೆ. ಸತ್ತವರೆಲ್ಲರನ್ನೂ ಹೀಗೆ ಓದಿ ಮುಗಿಸಲು 6 ವರ್ಷ, 7 ತಿಂಗಳು, 27 ದಿನ ಬೇಕಂತೆ.

ನಾನು ಕೂತಿದ್ದು ನಲವತ್ತು ನಿಮಿಷ. ಕರವಸ್ತ್ರ ಹೋಟೆಲಿನಲ್ಲಿ ಉಳಿದುಬಿಟ್ಟಿತ್ತು.

ಈಗ ನನ್ನ ಪ್ರಶ್ನೆ. ಸ್ಮಾರಕವೋ, ಚಿತ್ರವೋ, ಪ್ರಾರ್ಥನಾ ಮಂದಿರವೋ, ಹೊರದೇಶದಲ್ಲಿ ನಿಮ್ಮನ್ನು ಅಲ್ಲಾಡಿಸಿದ್ದು ಹೆಸರಾ, ಖಾಲಿ ಜಾಗವಾ?

ಕಲ್ಲುಕುಟಿಗ:
ನನ್ನದು ಹೆಸರಿನ ಪಕ್ಷ, ಮೇಡಂ. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕ. ವಿನ್ಯಾಸ ಮಾಡಿದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ಓದುತ್ತಿದ್ದ ಹುಡುಗಿ. ಸ್ಪರ್ಧೆಗೆ ಬಂದ 1,400ಕ್ಕೂ ಹೆಚ್ಚು ನಕ್ಷೆಗಳಲ್ಲಿ ಅವಳದು ಗೆದ್ದಿತು. 1982ರಲ್ಲಿ ಗೋಡೆ ಎದ್ದಿತು. ಎದ್ದಿತು ಅನ್ನುವುದೂ ತಪ್ಪು, ಅದು ನೆಲದೊಳಕ್ಕೆ ಇಳಿದ ಗೋಡೆ. ದೂರದಿಂದ ನೋಡಿದರೆ ಹುಲ್ಲಿನ ನಡುವೆ ಕಪ್ಪು ಗೀರು, ಅಷ್ಟೇ.

ಕಲ್ಲಿನ ಕೆಲಸ ಬಲ್ಲವನಾದ್ದರಿಂದ ಮೊದಲು ಕಣ್ಣು ಹೋದದ್ದು ಹೊಳಪಿನ ಕಡೆಗೆ. ಆ ಕಪ್ಪು ಗ್ರಾನೈಟ್ ಹೋಗಿದ್ದು ಬೆಂಗಳೂರು ಕಡೆಯ ಕ್ವಾರಿಯಿಂದ ಅಂತ ಗೊತ್ತಿದ್ದೇ ಹೋಗಿದ್ದೆ. ಹತ್ತಿರ ಹೋದಾಗ ಕಲ್ಲೂ ಮರೆತುಹೋಯಿತು, ಕ್ವಾರಿಯೂ ಮರೆತುಹೋಯಿತು. 58,000ಕ್ಕೂ ಹೆಚ್ಚು ಹೆಸರು, ಅವುಗಳ ಮೇಲೆ ನನ್ನದೇ ಮುಖ! ಪಾಲಿಶ್ ಅಷ್ಟು ಚೊಕ್ಕ. ಸತ್ತವನ ಹೆಸರು ಓದಬೇಕಾದರೆ ನನ್ನ ಕಣ್ಣು ಮೂಗಿನ ಮೇಲೇ ಓದಬೇಕು.

ಹೆಸರುಗಳು ಅಕಾರಾದಿಯಾಗಿ ಇಲ್ಲ, ಸತ್ತ ದಿನದ ಕ್ರಮದಲ್ಲಿವೆ. ಒಂದೇ ದಿನ ಒಟ್ಟಿಗೆ ಸತ್ತವರು ಗೋಡೆಯಲ್ಲೂ ಅಕ್ಕಪಕ್ಕ. ಪ್ರತಿ ಹೆಸರಿನ ಪಕ್ಕ ಸಣ್ಣ ಗುರುತು: ವಜ್ರದಾಕಾರ ಇದ್ದರೆ ಸತ್ತದ್ದು ಖಚಿತ, ಶಿಲುಬೆ ಇದ್ದರೆ ಕಾಣೆಯಾದವರು. ಅವಶೇಷ ಸಿಕ್ಕರೆ ಶಿಲುಬೆಯ ಮೇಲೇ ವಜ್ರ ಕೊರೆಯುತ್ತಾರೆ. ಜೀವಂತ ಮರಳಿದರೆ ಸುತ್ತ ಒಂದು ವೃತ್ತ ಹಾಕಬೇಕು ಅಂತ ನಿಯಮ ಮಾಡಿಟ್ಟಿದ್ದಾರೆ. ಅಂಥ ವೃತ್ತ ಇವತ್ತಿನವರೆಗೆ ಒಂದೂ ಇಲ್ಲ.

ಒಬ್ಬ ಅಜ್ಜಿ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಒಂದು ಹೆಸರಿನ ಅಚ್ಚು ತೆಗೆದುಕೊಳ್ಳುತ್ತಿದ್ದರು. ಕೈ ನಡುಗುತ್ತಿತ್ತು. ಕಾಗದ ಜಾರದಂತೆ ನಾನು ಒಂದು ಮೂಲೆ ಹಿಡಿದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ತಕರಾರು_ತಮ್ಮಯ್ಯ:
ಎಲ್ಲರೂ ಅತ್ತಿದ್ದನ್ನು ಬರೆಯುತ್ತಿದ್ದೀರಿ, ನಾನೊಬ್ಬ ಅಳದವನು ಬರೆಯುತ್ತೇನೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ರಾತ್ಕೊ ಚಾಪೆಲ್ ಅಂತ ಒಂದು ಪ್ರಾರ್ಥನಾ ಮಂದಿರ, ಎರಡು ಸಲ ಹೋಗಿದ್ದೇನೆ. ಎಂಟು ಮೂಲೆಯ ಕಟ್ಟಡ, ಒಳಗೆ ಮಾರ್ಕ್ ರಾತ್ಕೊ ಬರೆದ 14 ದೊಡ್ಡ ಕ್ಯಾನ್ವಾಸು. ಕಪ್ಪು, ಕಡುನೇರಳೆ, ಮತ್ತೆ ಕಪ್ಪು. ದೇವರಿಲ್ಲ, ಮೂರ್ತಿಯಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಎಲ್ಲ ಧರ್ಮದವರಿಗೂ, ಧರ್ಮವಿಲ್ಲದವರಿಗೂ ಅಂತ 1971ರಲ್ಲಿ ತೆರೆದರು. ಅದನ್ನು ನೋಡಲು ಚಿತ್ರಕಾರನೇ ಇರಲಿಲ್ಲ, ಹಿಂದಿನ ವರ್ಷ ಜೀವ ತೆಗೆದುಕೊಂಡಿದ್ದ.

ಪಕ್ಕದ ಬೆಂಚಿನಲ್ಲಿ ಒಬ್ಬಾಕೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನನಗೆ ಕಂಡದ್ದು ಬಣ್ಣ ಹಚ್ಚಿದ ಬಟ್ಟೆ. ಸುಳ್ಳು ಯಾಕೆ ಹೇಳಲಿ. ಈಗೀಗ "ಅಲ್ಲಿ ಹೋಗಿ ಅತ್ತೆ" ಅನ್ನುವುದೂ ಪಾಸ್‌ಪೋರ್ಟಿನ ಮೇಲೆ ಒತ್ತಿಸಿಕೊಳ್ಳುವ ಮುದ್ರೆ ಥರ ಆಗಿದೆ.

ನೀಲಿಗಾಜು:
ತಮ್ಮಯ್ಯನವರೇ, ಎಷ್ಟು ಹೊತ್ತು ಕೂತಿದ್ದಿರಿ?

ತಕರಾರು_ತಮ್ಮಯ್ಯ:
ಮೊದಲ ಸಲ ಹತ್ತು ನಿಮಿಷ. ಎರಡನೇ ಸಲ ಜಾಸ್ತಿ. ಹೊರಗೆ ಜೋರು ಮಳೆ, ಹೋಗುವಂತಿರಲಿಲ್ಲ.

ನೀಲಿಗಾಜು:
ಮತ್ತೆ?

ತಕರಾರು_ತಮ್ಮಯ್ಯ:
ಬಿಡೋ ಹಾಗೆ ಕಾಣಲ್ಲ ನೀವು. ಸರಿ. ಅಲ್ಲಿ ಬೆಳಕು ಬರುವುದು ಚಾವಣಿಯ ಕಿಂಡಿಯಿಂದ. ಮೋಡ ಸರಿದಾಗ ಆ ಕಪ್ಪಿನೊಳಗಿಂದ ಒಂದು ಕೆಂಪು ಮೇಲೆ ಬಂತು. ಮತ್ತೆ ಮೋಡ ಮುಚ್ಚಿತು, ಒಳಗೆ ಹೋಯಿತು. ಚಿತ್ರ ಉಸಿರಾಡಿದ ಹಾಗೆ. ಆದರೂ ಅಳಲಿಲ್ಲ, ಅದನ್ನು ಬರೆದುಕೊಳ್ಳಿ. ಹೊರಬಂದು ಎದುರಿನ ನೀರಿನ ಕೊಳದ ಹತ್ತಿರ ನಿಂತೆ. ಅಲ್ಲಿ ಬಾರ್ನೆಟ್ ನ್ಯೂಮನ್ ಮಾಡಿದ ತಲೆಕೆಳಗಾಗಿ ಮುರಿದ ಉಕ್ಕಿನ ಸ್ತಂಭ ಇದೆ, ಮಾರ್ಟಿನ್ ಲೂಥರ್ ಕಿಂಗ್ ನೆನಪಿಗೆ ಅರ್ಪಿಸಿದ್ದು. ಅದು ನನಗೆ ತಕ್ಷಣ ಅರ್ಥವಾಯಿತು. ಅಲ್ಲಿ ಹೆಸರಿತ್ತಲ್ಲ, ಅದಕ್ಕೇ ಇರಬೇಕು. ಹಾಗಾಗಿ ನಾನೂ ಹೆಸರಿನ ಪಕ್ಷವೇ ಅಂತ ಇಟ್ಟುಕೊಳ್ಳಿ.

ನೀಲಿಗಾಜು:
ನಾನು ಎದುರು ಪಕ್ಷ. ದಕ್ಷಿಣ ಫ್ರಾನ್ಸಿನ ವಾಂಸ್ ಎಂಬ ಊರಿನಲ್ಲಿ ಚಿತ್ರಕಾರ ಆನ್ರಿ ಮಾತೀಸ್ ರೂಪಿಸಿದ ಪುಟ್ಟ ಚಾಪೆಲ್ ಇದೆ. ಕಾಯಿಲೆ ಬಿದ್ದಿದ್ದಾಗ ಅವನ ಶುಶ್ರೂಷೆ ಮಾಡಿದ ಹುಡುಗಿ ಆಮೇಲೆ ಸನ್ಯಾಸಿನಿಯಾದಳು. ಅವಳ ಸಂಪರ್ಕದಿಂದಲೇ ಕೆಲಸ ಶುರುವಾಗಿದ್ದು. ಎಪ್ಪತ್ತು ದಾಟಿದ ಮುದುಕ ಸುಮಾರು ನಾಲ್ಕು ವರ್ಷ ಇದಕ್ಕೇ ಕೊಟ್ಟ. 1951ರಲ್ಲಿ ಮುಗಿಯಿತು.

ಒಂದು ಬದಿ ಹಳದಿ, ಹಸಿರು, ನೀಲಿ ಗಾಜು. ಎದುರು ಬದಿ ಬಿಳಿ ಟೈಲ್ಸ್ ಮೇಲೆ ಬರೀ ಕಪ್ಪು ಗೆರೆ. ಸಂತ ಡೊಮಿನಿಕ್ ಗೋಡೆಯೆತ್ತರ ನಿಂತಿದ್ದಾನೆ, ಮುಖವಿಲ್ಲ. ತಾಯಿ ಮರಿಯಳ ಮಡಿಲಲ್ಲಿ ಮಗು, ಇಬ್ಬರಿಗೂ ಮುಖವಿಲ್ಲ. ಮೊಟ್ಟೆಯಾಕಾರದ ಒಂದು ಗೆರೆ, ಒಳಗೆ ಖಾಲಿ ಬಿಳಿ. ಚಳಿಗಾಲದ ಬೆಳಿಗ್ಗೆ ಹೋಗಿದ್ದೆ, ಬಿಸಿಲು ಓರೆಯಾಗಿ ಬೀಳುವ ಹೊತ್ತು. ಗಾಜಿನ ನೀಲಿ ತೆವಳಿಕೊಂಡು ಹೋಗಿ ಆ ಖಾಲಿ ಮುಖದ ಮೇಲೆ ಕೂತಿತು. ಆಗ ನನ್ನ ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಕಣ್ಣು ಮೂಗು ಬರೆದಿದ್ದರೆ ಅದು ಮರಿಯಳ ಮುಖವಾಗಿರುತ್ತಿತ್ತು, ಅಷ್ಟೇ. ಮುಂದಕ್ಕೆ ಬರೆಯಲಾರೆ.

ಅರ್ಧದಾರಿ:
ನೀಲಿಗಾಜು, ಇದನ್ನು ಮೂರು ಸಲ ಓದಿದೆ.

ಹಳೇರೈಲು:
ಬರ್ಲಿನ್ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ, ನಾನು ಅಲ್ಲಿ ಎರಡು ವರ್ಷ ಇದ್ದವನು. ಅರ್ಧದಾರಿಯವರೇ, ದೊಡ್ಡ ಸ್ಮಾರಕದಲ್ಲಿ ಹೆಸರು ಹುಡುಕಿದಿರಿ. ಆದರೆ ಆ ನಗರದಲ್ಲಿ ಹೆಸರು ಇರುವುದು ಕಾಲ ಕೆಳಗೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ, ನಾಜಿಗಳಿಗೆ ಬಲಿಯಾದವರು ಕೊನೆಗೆ ತಾವಾಗಿ ಆರಿಸಿಕೊಂಡು ಬದುಕಿದ್ದ ಮನೆಯ ಮುಂದೆ, ಕಾಲುದಾರಿಯಲ್ಲೇ, ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ಮುಖದ ಕಲ್ಲು ಹುಗಿಯುತ್ತಾ ಬಂದಿದ್ದಾರೆ. ಸ್ಟೋಲ್ಪರ್‌ಸ್ಟೈನ್, ಅಂದರೆ ಎಡವುಗಲ್ಲು. "ಇಲ್ಲಿ ವಾಸವಾಗಿದ್ದರು" ಅಂತ ಶುರು, ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಕೊಂದ ಜಾಗ. 2023ರ ಹೊತ್ತಿಗೆ ಯುರೋಪಿನಾದ್ಯಂತ ಒಂದು ಲಕ್ಷ ದಾಟಿತು.

ನಾನಿದ್ದ ಕಟ್ಟಡದ ಬಾಗಿಲಲ್ಲೇ ನಾಲ್ಕು ಇದ್ದವು. ಅಪ್ಪ, ಅಮ್ಮ, ಎರಡು ಮಕ್ಕಳು. ದಿನಾ ದಾಟಿ ಹೋಗುತ್ತಿದ್ದೆ. ನವೆಂಬರ್ 9ರಂದು, 1938ರಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ರಾತ್ರಿಯ ನೆನಪಿನ ದಿನ, ಮೇಲಿನ ಮಹಡಿಯ ಮುದುಕರೊಬ್ಬರು ಮಂಡಿಯೂರಿ ಕೂತು ಅವನ್ನು ಉಜ್ಜುತ್ತಿದ್ದರು. ಏನೂ ಹೇಳದೆ ಇನ್ನೊಂದು ಬಟ್ಟೆ ನನ್ನ ಕಡೆ ಚಾಚಿದರು. ಹಿತ್ತಾಳೆ ಉಜ್ಜಿದ ಮೇಲೆಯೇ ಗೊತ್ತಾಗಿದ್ದು, ಚಿಕ್ಕ ಮಗು ಹುಟ್ಟಿದ ವರ್ಷಕ್ಕೂ ಸತ್ತ ವರ್ಷಕ್ಕೂ ಮೂರೇ ವರ್ಷದ ಅಂತರ.

ತಕರಾರು_ತಮ್ಮಯ್ಯ:
ಸತ್ತವರ ಹೆಸರನ್ನು ಎಲ್ಲರೂ ತುಳಿದುಕೊಂಡು ಓಡಾಡುವ ಕಡೆ ಹಾಕುವುದು ಸರಿಯಾ ಸ್ವಾಮಿ?

ಹಳೇರೈಲು:
ಈ ತಕರಾರು ನಿಮ್ಮೊಬ್ಬರದ್ದೇ ಅಲ್ಲ ಸರ್. ಮ್ಯೂನಿಕ್ ನಗರ ಸಾರ್ವಜನಿಕ ನೆಲದಲ್ಲಿ ಇವನ್ನು ಹಾಕಲು ಬಿಟ್ಟೇ ಇಲ್ಲ. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೋಟೆ ಕ್ನೋಬ್ಲೋಖ್, ಸ್ವತಃ ಆ ಕಾಲವನ್ನು ದಾಟಿ ಉಳಿದವರು, ಇದನ್ನೇ ಹೇಳಿದ್ದು: ಆಗ ಬೂಟುಗಾಲಲ್ಲಿ ತುಳಿದರು, ಈಗ ಹೆಸರನ್ನೂ ತುಳಿಯಬೇಕೆ ಎಂಬ ಅರ್ಥದಲ್ಲಿ. ಹಾಗಾಗಿ 2018ರಿಂದ ಅಲ್ಲಿ ಗೋಡೆಗೆ ಫಲಕ, ಕಂಬಕ್ಕೆ ಫಲಕ. ಡೆಮ್ನಿಗ್ ಕಡೆಯವರ ಉತ್ತರವೆಂದರೆ, ಓದಬೇಕಾದರೆ ಬಾಗಬೇಕು, ಬಾಗುವುದೇ ನಮಸ್ಕಾರ. ನನಗೆ ಎರಡೂ ಸರಿ ಅನ್ನಿಸುತ್ತದೆ. ನಾನು ಮಾತ್ರ ಆ ನಾಲ್ಕನ್ನು ಯಾವತ್ತೂ ಮೆಟ್ಟಲಿಲ್ಲ, ಒಂದು ಹೆಜ್ಜೆ ಸುತ್ತು ಹಾಕಿಯೇ ಹೋಗುತ್ತಿದ್ದೆ.

ಬೆಳ್ಳಿಚುಕ್ಕಿ:
ತಡವಾಗಿ ಬಂದೆ, ಕ್ಷಮಿಸಿ. ಹೆಸರಾ ಖಾಲಿಯಾ ಅಂತ ಕೇಳಿದಿರಿ. ಹಿರೋಷಿಮಾದಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ.

ಕೆನ್‌ಜೊ ತಾಂಗೆ ವಿನ್ಯಾಸದ ಕಮಾನು, 1952ರದ್ದು. ಅದರ ಕೆಳಗೆ ಕಲ್ಲಿನ ಪೆಟ್ಟಿಗೆ. ಬಾಂಬಿಗೆ ಬಲಿಯಾದವರ ಹೆಸರಿನ ಪಟ್ಟಿಗಳು ಅದರೊಳಗಿವೆ, ಈಗ 3 ಲಕ್ಷಕ್ಕೂ ಹೆಚ್ಚು ಹೆಸರು. ಅವತ್ತು ಬದುಕುಳಿದು ಆಮೇಲೆ ತೀರಿಕೊಂಡವರ ಹೆಸರನ್ನೂ ಪ್ರತಿವರ್ಷ ಸೇರಿಸುತ್ತಾರೆ. ಅವುಗಳ ಜೊತೆ ಹೆಸರೇ ಗೊತ್ತಾಗದವರಿಗೆ ಅಂತ ಒಂದು ಸಂಪುಟ ಇದೆ. ಅದರಲ್ಲಿ ಹೆಸರಿಲ್ಲ. ಮೇ ತಿಂಗಳಲ್ಲಿ ಪಟ್ಟಿಗಳನ್ನು ಹೊರಗೆ ತೆಗೆದು ಗಾಳಿಗೆ ಹಿಡಿಯುತ್ತಾರೆ, ತೇವ ಹಿಡಿಯದಿರಲಿ ಅಂತ. ಆ ಬರಿಯ ಪುಸ್ತಕವನ್ನೂ ಬಿಡುವುದಿಲ್ಲ.

ವಸ್ತುಸಂಗ್ರಹಾಲಯದ ಒಳಗೆ ಜನ ಮಾತಾಡುವುದಿಲ್ಲ. ಕಾಲ್ಸಪ್ಪಳ, ಮೂಗು ಸೀನುವ ಸದ್ದು, ಅಷ್ಟೇ. ಒಂದು ಮೂರು ಚಕ್ರದ ಸೈಕಲ್ ಇದೆ, ತುಕ್ಕು ಹಿಡಿದದ್ದು. ನಾಲ್ಕು ತುಂಬಲು ಒಂದು ತಿಂಗಳಿದ್ದ ಶಿನ್ ಎಂಬ ಹುಡುಗ 1945ರ ಆಗಸ್ಟ್ 6ರ ಬೆಳಿಗ್ಗೆ ಅದರ ಮೇಲೆ ಆಡುತ್ತಿದ್ದ. ರಾತ್ರಿಯಾಗುವಷ್ಟರಲ್ಲಿ ಹೋಗಿಬಿಟ್ಟ. ಅಷ್ಟು ಚಿಕ್ಕವನನ್ನು ಒಬ್ಬನೇ ದೂರದ ಮಣ್ಣಿಗೆ ಕಳಿಸಲು ಅಪ್ಪನಿಗೆ ಮನಸ್ಸಾಗಲಿಲ್ಲ. ಮನೆಯ ಹಿತ್ತಲಲ್ಲೇ ಸೈಕಲ್ಲಿನ ಜೊತೆ ಹೂತ. ನಲವತ್ತು ವರ್ಷದ ನಂತರ, 1985ರಲ್ಲಿ, ತಾನೇ ಅಗೆದು ಮಗನನ್ನು ಕುಟುಂಬದ ಸಮಾಧಿಗೆ ಸೇರಿಸಿ ಸೈಕಲ್ಲನ್ನು ಇಲ್ಲಿಗೆ ಕೊಟ್ಟ.

ಗಾಜಿನ ಮುಂದೆ ನನ್ನ ಪಕ್ಕ ಶಾಲೆಯ ಹುಡುಗ, ಏಳೆಂಟು ವರ್ಷದವನು. ಟೀಚರ್ ಹತ್ತಿರ ಏನೋ ಕೇಳಿದ. ಭಾಷೆ ಬಾರದಿದ್ದರೂ ಬೆರಳು ತೋರಿಸಿದ್ದು ಪೆಡಲ್ ಕಡೆಗೆ. ಇನ್ನೂ ತಿರುಗುತ್ತದಾ ಅಂತ ಕೇಳಿದನೇನೋ ಅಂದುಕೊಂಡೆ.

ಉದ್ಯಾನದಲ್ಲಿ ಒಂದು ಹುಲ್ಲಿನ ದಿಬ್ಬ ಇದೆ, ಬಹಳ ಜನ ಗಮನಿಸದೆ ಹೋಗುತ್ತಾರೆ. ಕೇಳುವವರಿಲ್ಲದ ಸುಮಾರು 70 ಸಾವಿರ ಜನರ ಬೂದಿ ಅದರ ಕೆಳಗಿದೆ. ಪಕ್ಕದಲ್ಲೇ ಬಾಂಬಿಗೆ ಬಲಿಯಾದ ಕೊರಿಯನ್ನರ ಸ್ಮಾರಕ. 1970ರಲ್ಲಿ ಅದನ್ನು ಕಟ್ಟಿದ್ದು ಉದ್ಯಾನದ ಹೊರಗೆ, ಒಳಗೆ ಬಂದದ್ದು 1999ರಲ್ಲಿ. ಸತ್ತ ಮೇಲೂ ಒಳಗೆ ಬರಲು ಅಷ್ಟು ವರ್ಷ ಕಾಯಬೇಕಾಯಿತು ನೋಡಿ.

ಕಲ್ಲುಕುಟಿಗ:
ಅಕ್ಕ, ಸೈಕಲ್ ವಿಷಯ ಓದಿ ಫೋನ್ ಕೆಳಗಿಟ್ಟೆ. ನಾಳೆ ಬರುತ್ತೇನೆ.

ಮೂರನೇಮೆಟ್ಟಿಲು:
ಬಾಂಬು, ಸಮಾಧಿ ಇವೆಲ್ಲದರ ನಡುವೆ ಒಂದು ತುಂಟ ಉದಾಹರಣೆ ಕೊಡಬಹುದಾ? ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾ. 537ರಲ್ಲಿ ಚರ್ಚು, 1453ರಿಂದ ಮಸೀದಿ, 1935ರಿಂದ ವಸ್ತುಸಂಗ್ರಹಾಲಯ, 2020ರಿಂದ ಮತ್ತೆ ಮಸೀದಿ. ಗುಂಬಜಿನ ಕೆಳಗೆ ಏಳೂವರೆ ಮೀಟರ್ ಅಗಲದ ದುಂಡು ಫಲಕಗಳಲ್ಲಿ ಎಂಟು ಪವಿತ್ರ ನಾಮಗಳು ಚಿನ್ನದ ಅಕ್ಷರದಲ್ಲಿವೆ. ಮೇಲಂತಸ್ತಿನ ಗೋಡೆಯಲ್ಲಿ ಕ್ರಿಸ್ತನ ಮೊಸಾಯಿಕ್, ಅರ್ಧಕ್ಕಿಂತ ಹೆಚ್ಚು ಉದುರಿಹೋಗಿದೆ, ಮುಖ ಮಾತ್ರ ಉಳಿದಿದೆ. ಆ ಮುಖ ನೋಡಿದರೆ ಮಾತು ನಿಲ್ಲುತ್ತದೆ, ಒಪ್ಪುತ್ತೇನೆ.

ಆದರೆ ನನ್ನನ್ನು ಹಿಡಿದದ್ದು ಅದೇ ಅಂತಸ್ತಿನ ಅಮೃತಶಿಲೆಯ ಕಟಕಟೆ. ಅದರ ಮೇಲೆ ಯಾವನೋ ಉತ್ತರ ದೇಶದ ವೈಕಿಂಗ್ ಕಾವಲುಗಾರ ತನ್ನ ಲಿಪಿಯಲ್ಲಿ ಹೆಸರು ಗೀಚಿದ್ದಾನೆ. ಓದಲು ಬರುವುದು ಹಾಲ್ಫ್‌ದಾನ್ ಎಂಬ ಹೆಸರು, ಅದೂ ಅರ್ಧಂಬರ್ಧ. ಸುಮಾರು ಸಾವಿರ ವರ್ಷ ಹಿಂದೆ, ದೀರ್ಘ ಪೂಜೆಯ ನಡುವೆ ಬೇಸರ ಹಿಡಿದು ಚಾಕು ತೆಗೆದಿರಬೇಕು ಮಹಾರಾಯ. ಅತ್ತ ಚಿನ್ನದ ನಾಮಗಳು, ಇತ್ತ ಈ ಕಳ್ಳ ಸಹಿ. ಗೋಡೆ ಕೆರೆಯುವವರನ್ನು ಕಂಡರೆ ನನಗೆ ಕೆಂಡದಂಥ ಕೋಪ, ಆದರೂ ಇವನನ್ನು ಕಂಡು ನಗು ಬಂತು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು, ಯಾಕೆ ಅಂತ ಕೇಳಬೇಡಿ.

(ಯಾರೂ ಇದನ್ನು ಮಾದರಿಯಾಗಿ ತೆಗೆದುಕೊಳ್ಳಬೇಡಿ. ಅವನಿಗೆ ಹೆಸರುಳಿಯಿತು, ನಿಮಗೆ ಕೇಸು ಬೀಳುತ್ತದೆ.)

ತಕರಾರು_ತಮ್ಮಯ್ಯ:
ಇದು ಸರಿಯಾದ ಪೋಸ್ಟು.

ನೀಲಿಗಾಜು:
ಅರ್ಧದಾರಿ, ಬರ್ಲಿನ್ನಿನಲ್ಲಿ ನೊಯೆ ವಾಖೆ ಸ್ಮಾರಕ ನೋಡಿದಿರಾ? ಕೇಟೆ ಕೊಲ್ವಿಟ್ಸ್ ಎಂಬ ಕಲಾವಿದೆಯ ಶಿಲ್ಪ ಇರುವುದು?

ಅರ್ಧದಾರಿ:
ನೋಡಿದೆ. ಅದರ ಬಗ್ಗೆ ಬರೆಯಲೋ ಬೇಡವೋ ಅಂತಿದ್ದೆ. ಹಳೆಯ ಕಾವಲುಮನೆ, ಒಳಗೆ ಒಂದೇ ದೊಡ್ಡ ಖಾಲಿ ಕೋಣೆ. ನಡುವೆ ಸತ್ತ ಮಗನನ್ನು ತೊಡೆಯ ನಡುವೆ ಹುದುಗಿಸಿಕೊಂಡು ಕೂತ ತಾಯಿ. ಸರಿಯಾಗಿ ಅವಳ ನೆತ್ತಿಯ ಮೇಲೆ ಚಾವಣಿಯಲ್ಲಿ ದುಂಡಗೆ ತೂತು, ಗಾಜಿಲ್ಲ. ನಾನು ಹೋದಾಗ ಸಣ್ಣ ಮಳೆ. ಕೋಣೆಯೆಲ್ಲ ಒಣಗಿತ್ತು, ಅವಳೊಬ್ಬಳೇ ನೆನೆಯುತ್ತಿದ್ದಳು. ಮಗನ ಮೇಲೆ ಬೀಳದಿರಲಿ ಅಂತ ಬಾಗಿದ್ದಾಳೇನೋ ಅನ್ನಿಸಿತು.

ಆಮೇಲೆ ಓದಿ ತಿಳಿದದ್ದು: ಕೊಲ್ವಿಟ್ಸ್ ಮಗ ಪೀಟರ್ ಮೊದಲ ಮಹಾಯುದ್ಧಕ್ಕೆ ಸೇರಲು ಹೊರಟಾಗ ಅಪ್ಪ ಬೇಡವೆಂದಿದ್ದರು. ಒಪ್ಪಿಸಿದ್ದು ಇವಳೇ. 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನಲ್ಲಿ ಹುಡುಗ ಸತ್ತ, ಹದಿನೆಂಟು ವರ್ಷ. ಬದುಕಿರುವವರೆಗೂ ಅವಳು ಅದನ್ನು ಕೆತ್ತುತ್ತಲೇ ಇದ್ದಳು.

ಹಳೇರೈಲು:
ಆ ಮಗನ ಸಮಾಧಿಗೆ ಹೋಗಿದ್ದೇನೆ. ಬೆಲ್ಜಿಯಮ್ಮಿನ ವ್ಲಾಡ್ಸ್‌ಲೊ, ಜರ್ಮನ್ ಸೈನಿಕರ ಸ್ಮಶಾನ. 25 ಸಾವಿರಕ್ಕೂ ಹೆಚ್ಚು ಜನ ಮಲಗಿದ್ದಾರೆ, ಚಪ್ಪಟೆ ಕಲ್ಲೊಂದಕ್ಕೆ ಇಪ್ಪತ್ತರಂತೆ ಹೆಸರು. ಅವಳೇ ಮಾಡಿದ ತಂದೆ-ತಾಯಿಯ ಶಿಲ್ಪ ಅಲ್ಲಿದೆ, ಇಬ್ಬರೂ ಮಂಡಿಯೂರಿದ್ದಾರೆ. ತಾಯಿ ತಲೆ ಬಗ್ಗಿಸಿದ್ದಾಳೆ. ತಂದೆ ಎರಡು ಕೈಯಿಂದ ತನ್ನನ್ನೇ ಬಿಗಿಯಾಗಿ ಹಿಡಿದುಕೊಂಡು ಎದುರಿಗಿನ ಕಲ್ಲನ್ನು ನೋಡುತ್ತಾನೆ. ಪೀಟರ್ ಹೆಸರಿರುವುದು ಅದೇ ಕಲ್ಲಿನಲ್ಲಿ. ಒಂದು ಗಂಟೆ ಇದ್ದೆ, ಇನ್ನೊಬ್ಬ ಮನುಷ್ಯ ಬರಲಿಲ್ಲ.

ಅಲ್ಲಿಂದ ಸಂಜೆ ಈಪ್ರ್ ಊರಿಗೆ ಬಂದೆ. ಅಲ್ಲಿ ಮೆನಿನ್ ಗೇಟ್, ಇದು ಆ ಯುದ್ಧದಲ್ಲಿ ಜರ್ಮನರ ಎದುರಿಗಿದ್ದ ಬ್ರಿಟಿಷರ ಕಡೆಯದು. ಹೆಣವೇ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಹೆಬ್ಬಾಗಿಲಿನ ಗೋಡೆಗಳಲ್ಲಿದೆ. ಭಾರತೀಯರ ಹೆಸರುಗಳೂ ಇವೆ, ನೂರಾರು. 1928ರಿಂದ ಪ್ರತಿ ಸಂಜೆ ಎಂಟಕ್ಕೆ ರಸ್ತೆ ಬಂದ್ ಮಾಡಿ ಕಹಳೆ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದಾಗ ಮಾತ್ರ ನಿಂತಿತ್ತು. 1944ರ ಸೆಪ್ಟೆಂಬರ್ 6ಕ್ಕೆ ಊರು ಬಿಡುಗಡೆಯಾಯಿತು, ಅವತ್ತೇ ಸಂಜೆ ಮತ್ತೆ ಊದಿದರು. ಊರ ಇನ್ನೊಂದು ಮೂಲೆಯಲ್ಲಿ ಗುಂಡಿನ ಸದ್ದು ಇನ್ನೂ ನಿಂತಿರಲಿಲ್ಲವಂತೆ.

ಒಂದು ಪದ್ಧತಿ ಕೇಳಿ ನಿಂತಲ್ಲೇ ನಿಂತೆ. ಇವತ್ತಿಗೂ ಹೊಲ ಉಳುವಾಗ, ರಸ್ತೆ ಅಗೆಯುವಾಗ ಮೂಳೆ ಸಿಗುತ್ತವೆ. ಯಾರದ್ದೆಂದು ಗುರುತು ಹತ್ತಿದರೆ ಸಮಾಧಿ ಮಾಡಿ ಕಲ್ಲು ನೆಡುತ್ತಾರೆ. ಆಮೇಲೆ ಕಾಲಕ್ರಮದಲ್ಲಿ ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ. ಅಳಿಸಿದರೆ ಸಿಕ್ಕಿದ ಅಂತ ಅರ್ಥ.

ಅರ್ಧದಾರಿ:
ಹೆಸರಾ ಖಾಲಿಯಾ ಅಂತ ಕೇಳಿದವಳು ನಾನು. ಈಗ ಆ ಪ್ರಶ್ನೆಯನ್ನೇ ಎಲ್ಲಿ ಇಡುವುದೋ ಗೊತ್ತಾಗುತ್ತಿಲ್ಲ.

ಕಲ್ಲುಕುಟಿಗ:
ಹೇಳಿದ ಹಾಗೆ ಬಂದೆ. ಹಳೇರೈಲು ಸರ್, ಅಕ್ಟೋಬರಿನಲ್ಲಿ ಕೆಲಸದ ಮೇಲೆ ಬ್ರಸೆಲ್ಸಿಗೆ ಹೋಗುವುದಿದೆ. ಈಪ್ರಿಗೆ ಒಂದು ಸಂಜೆ ಬಿಡುವು ಮಾಡಿಕೊಳ್ಳಬಹುದಾ? ಟಿಕೆಟ್ ಬೇಕಾ?

ಹಳೇರೈಲು:
ಟಿಕೆಟ್ ಇಲ್ಲ, ಸುಮ್ಮನೆ ರಸ್ತೆಯಲ್ಲಿ ನಿಲ್ಲುವುದು. ರೈಲು ಹಿಡಿದು ಹೋಗಬಹುದು. ಏಳಕ್ಕೇ ಹೋಗಿ ಜಾಗ ಹಿಡಿಯಿರಿ, ಗುಂಪು ಸೇರುತ್ತದೆ. ಆದರೆ ಅದಕ್ಕೂ ಮುಂಚೆ ಹಗಲಿರುವಾಗಲೇ ಒಂದು ಸಲ ಒಳಗೆ ಓಡಾಡಿ, ಗೋಡೆ ಓದಲು ಬೆಳಕು ಬೇಕು. ಊದಿ ಮುಗಿಸಿದ ಮೇಲೆ ಚಪ್ಪಾಳೆ ತಟ್ಟಬೇಡಿ, ಅಲ್ಲಿ ತಟ್ಟುವುದಿಲ್ಲ. ನಾನು ಹೋದ ದಿನ ಒಬ್ಬರು ತಿಳಿಯದೆ ಎರಡು ತಟ್ಟಿ, ಮೂರನೆಯದಕ್ಕೆ ಕೈ ಗಾಳಿಯಲ್ಲೇ ನಿಲ್ಲಿಸಿಕೊಂಡರು, ಪಾಪ.

ಕಲ್ಲುಕುಟಿಗ:
ಆಗಲಿ. ಕಲ್ಲು ಯಾವುದು ಅಂತ ನೋಡಿಕೊಂಡು ಬಂದು ಹೇಳುತ್ತೇನೆ.